ಖಂಡೆಪೂಜೆಗೆ ಸ್ವಚ್ಛವಾದ ಅಕ್ಷರಗಳು

“ತುಳಸವ್ವನ ಮನ್ಯಾಗ ಟೀವಿ ಬಂದೈತಿ. ಆದರ ಅದರಾಗ ಸಿನಿಮಾನೂ ಬರೂದಿಲ್ಲ, ಸುದ್ದೀನೂ ಬರೂದಿಲ್ಲ. ಬರೇ ಅಕ್ಷರ ಬರತಾವ. ಮುಂಜಾನಿಂದ ಸಂಜೀತನಕ ಅದನ್ನ ನೋಡ್ಕೋತ ಕುಂತಿರ್ತಾಳ, ಪಾಪ!”

ಚಿಕ್ಕೋಡಿಯ ಬಾವಿ ಓಣಿಯಲ್ಲಿ ನಳಕ್ಕೆ ಕೊಡ ಹಚ್ಚಿ ನಿಂತಾಗ ಮಲಕವ್ವ ಹೀಗಂದಳೆಂದರೆ ಉಳಿದ ಹೆಂಗಸರು ಬಾಯಿಗೆ ಸೆರಗೊತ್ತಿಕೊಂಡು ನಗುತ್ತಿದ್ದರು. ತುಳಸವ್ವ ಕಿಟಕಿಯಿಂದಲೇ ಕೂಗುತ್ತಿದ್ದಳು, “ಬಾ ಬೇ ಮಲಕವ್ವಾ, ನಿನ್ನ ಹೆಸರೂ ತೋರಸ್ತೀನಿ.”

“ಒಲ್ಲೆವ್ವಾ, ನನ್ನ ಹೆಸರು ಆ ಗಾಜಿನ್ಯಾಗ ಸಿಕ್ಕೊಂಡರ ಹೊರಗ ತಗಿಯೋರು ಯಾರು?”

ಅದು ಟೀವಿಯಲ್ಲ, ಕಂಪ್ಯೂಟರ್. ರಾಜಾರಾಮನ ಪ್ರೆಸ್ಸಿನದು. ತುಳಸವ್ವ ಮದುವೆಗೆ ಮುಂಚಿನಿಂದಲೂ ಆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವಳು. ಮರದ ಕೇಸಿನ ಯಾವ ಮನೆಯಲ್ಲಿ ಯಾವ ಅಕ್ಷರ ಮಲಗಿದೆ ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ತೊಂಬತ್ತಾರರ ಬೇಸಿಗೆಯಲ್ಲಿ ರಾಜಾರಾಮ ಸೀಸದ ಮೊಳೆಗಳನ್ನೆಲ್ಲ ಗುಜರಿಗೆ ಹಾಕಿ ಕಂಪ್ಯೂಟರ್ ತಂದ. ಪ್ರೆಸ್ಸಿನ ಮಾಡು ಸೋರುತ್ತಿದ್ದುದರಿಂದ ಅದನ್ನು ತುಳಸವ್ವನ ಪಡಸಾಲೆಯಲ್ಲೇ ಇಡಿಸಿದ.

“ದೀಪಾವಳಿತನಕ ನೋಡೂನು ತುಳಸವ್ವಾ. ಕನ್ನಡ, ಮರಾಠಿ ಎರಡೂ ಇದರಾಗ ಚಂದ ಬಂದ್ವಂದರ ಬಸ್‌ಸ್ಟ್ಯಾಂಡ್ ಬಾಜೂಕ ಅಂಗಡಿ ಹಿಡಿಯೂನು, ನೀನs ಅಲ್ಲಿ ಕುಂದರು. ಬರಲಿಲ್ಲಂದರ ಈ ಡಬ್ಬಿ ಮಿರಜದವರಿಗೆ ಮಾರಿ ಕೈತೊಳಕೊಂಡಬಿಡತೀನಿ.”

ಮೊಳೆಗಳಂತೂ ಕರಗಿ ಹೋಗಿದ್ದವು. ಈ ಡಬ್ಬಿಯೂ ಹೋದರೆ ತುಳಸವ್ವನ ಬೆರಳುಗಳಿಗೆ ಆ ಊರಿನಲ್ಲಿ ಬೇರೆ ಕೆಲಸವಿರಲಿಲ್ಲ.

ದಸರೆಯ ಹೊತ್ತಿಗೆ ದೊಡ್ಡದೊಂದು ಕೆಲಸ ಬಂತು. ಐನಾಪುರದ ದ್ರಾಕ್ಷಿ ತೋಟದ ವಿರುಪಾಕ್ಷಪ್ಪನವರ ಮಗಳ ಲಗ್ನ, ಬೀಗರು ಮಿರಜ ಕಡೆಯವರು. ಲಗ್ನಪತ್ರಿಕೆಯಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ ಇರಬೇಕು. ತುಳಸವ್ವ ಬಳ್ಳಿ, ಕಳಸ ಎಲ್ಲ ಕೂಡಿಸಿ ಸಿದ್ಧ ಮಾಡಿಟ್ಟಳು. ಹತ್ತನೆಯ ದಿನ ಒಳ್ಳೆಯದೆಂದು ಅವರು ವಿಜಯದಶಮಿಯ ಮುಂಜಾನೆ ನೋಡಲು ಬರುವವರಿದ್ದರು.

ತುಳಸವ್ವನ ಗಂಡ ಸತ್ತೆಪ್ಪ ಬಸ್ ಡಿಪೋದಲ್ಲಿ ಫಿಟ್ಟರ್. ಖಂಡೆಪೂಜೆ, ಅಂದರೆ ಆಯುಧಪೂಜೆ, ಬಂತೆಂದರೆ ಅವನ ಕೈ ನಿಲ್ಲುವುದಿಲ್ಲ. ಸೈಕಲ್ ಬಿಚ್ಚಿ ಒರೆಸುತ್ತಾನೆ, ಹೊಲಿಗೆ ಯಂತ್ರ ಬಿಚ್ಚಿ ಎಣ್ಣೆ ಬಿಡುತ್ತಾನೆ. ನವಮಿಯ ದಿನ ಕಂಪ್ಯೂಟರಿಗೂ ವಿಭೂತಿ ಬಿತ್ತು, ಚೆಂಡುಹೂವಿನ ಮಾಲೆ ಬಿತ್ತು. ಅವನ ಪಾನಾಗಳು, ತುಳಸವ್ವನ ಫ್ಲಾಪಿ, ಅವಳು ಗುಜರಿಗೆ ಬಿಡದೆ ಉಳಿಸಿಕೊಂಡಿದ್ದ ಮೊಳೆ ಜೋಡಿಸುವ ಕಬ್ಬಿಣದ ಪಟ್ಟಿ, ಎಲ್ಲವೂ ದೇವರ ಜಗಲಿ ಏರಿದವು. ದಶಮಿಯ ಸಂಜೆ ಬನ್ನಿ ಮುಡಿದು ಬರುವತನಕ ಜಗಲಿಯ ಮೇಲಿನದನ್ನು ಯಾರೂ ಮುಟ್ಟುವಂತಿಲ್ಲ. ಅದು ಅತ್ತೆ ಕಾಳವ್ವನ ಕಟ್ಟಳೆ.

ಮರುದಿನ ವಿರುಪಾಕ್ಷಪ್ಪನವರು ರಾಜಾರಾಮನ ಜೊತೆ ಬಂದು ಕುಂತರು. “ಬರೇ ನೋಡೂದಕ್ಕ ದೋಷ ಇಲ್ಲ, ಹಚ್ಚಿ ತೋರಸು” ಎಂದಳು ಕಾಳವ್ವ. ತುಳಸವ್ವ ಹಚ್ಚಿದಳು. ಬಳ್ಳಿ ಬಂತು, ಕಳಸ ಬಂತು. ನಡುವೆ ಅಕ್ಷರ ಇರಬೇಕಾದಲ್ಲಿ ಇಂಗ್ಲಿಷಿನ ಅಡ್ಡಾದಿಡ್ಡಿ ಅಕ್ಷರ, ಚುಕ್ಕಿ, ಕೊಕ್ಕೆ, ಖಾಲಿ ಡಬ್ಬಿ.

ವಿರುಪಾಕ್ಷಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇದ್ಯಾವ ಭಾಷಾರಿ? ನಮ್ಮ ಬೀಗರೂ ಇದನ್ನ ಮಾತಾಡೂದಿಲ್ಲ.”

ರಾಜಾರಾಮನ ಮುಖ ಸಣ್ಣದಾಯಿತು. “ಎಲ್ಲಾ ಅಳಿಸಿ ಹೋತು! ತುಳಸವ್ವಾ, ನಾ ಹೇಳಿರಲಿಲ್ಲಾ? ಈ ಡಬ್ಬಿ ನಮಗಲ್ಲ.”

“ಹಂಗಾದ್ರ ನಾ ಮಿರಜದಾಗs ಹಾಕಿಸ್ತೀನಿ ಬಿಡ್ರಿ” ಎಂದು ವಿರುಪಾಕ್ಷಪ್ಪನವರು ಎದ್ದರು.

“ಕುಂದರ್ರಿ ಅಪ್ಪಾರ, ಚಾ ಕುಡದು ಹೋಗೀರಂತ” ಎಂದಳು ತುಳಸವ್ವ. ಅವಳ ಕಣ್ಣು ಪರದೆಯ ಮೇಲೇ ಇತ್ತು. ಸಾಲುಗಳು ಇದ್ದಲ್ಲೇ ಇದ್ದವು. ದೊಡ್ಡ ಹೆಸರಿನ ಜಾಗದಲ್ಲಿ ದೊಡ್ಡ ಕೊಕ್ಕೆಗಳು, ಸಣ್ಣ ಹೆಸರಿನ ಜಾಗದಲ್ಲಿ ಸಣ್ಣವು. ಅಳಿಸಿ ಹೋಗಿದ್ದರೆ ಜಾಗ ಖಾಲಿ ಇರಬೇಕಿತ್ತು. ಅವಳು ಫಾಂಟುಗಳ ಪಟ್ಟಿ ತೆರೆದಳು. ಇಂಗ್ಲಿಷಿನವು ಇದ್ದವು. ಕನ್ನಡದ್ದೂ ಇರಲಿಲ್ಲ, ಮರಾಠಿಯದ್ದೂ ಇರಲಿಲ್ಲ.

“ರಾಜಾರಾಮಣ್ಣಾ, ಬರದದ್ದು ಎಲ್ಲೂ ಹೋಗಿಲ್ಲ. ಮೊಳೀ ಕೇಸು ಖಾಲಿ ಆಗೇತಿ, ಅಷ್ಟs.” ಆಮೇಲೆ ಬಾಗಿಲ ಕಡೆ ತಿರುಗಿದಳು. “ರೀ, ನಿನ್ನೆ ಇದಕ್ಕ ಏನ್ ಮಾಡೀರಿ?”

ಸತ್ತೆಪ್ಪ ಹೆಮ್ಮೆಯಿಂದಲೇ ಒಳಗೆ ಬಂದ. “ಏನ್ ಮಾಡ್ಲಿ? ಹೊರಗಷ್ಟ ಒರಸಿದ್ರ ಪೂಜಿ ಸಲ್ಲತೈತೇನು? ಹಳೇ ಫೈಲು ಹೆಂಗ ತಗೀಬೇಕಂತ ನೀನs ತೋರಿಸಿದ್ದೆಲ್ಲಾ. ಒಳಗ ಓದಾಕ ಬರಲಾರದ ಹೆಸರಿನ್ವು ಭಾಳ ಕುಂತಿದ್ವು, ತಗದ ಒಗದೆ.”

“ಕಂಪ್ಯೂಟರಿನ ಕಸದ ಡಬ್ಬ್ಯಾಗರ ಅದಾವೇನ್ರಿ?”

“ಖಂಡೆಪೂಜಾ ದಿನ ಮನ್ಯಾಗ ಕಸ ಇಟ್ಕೋತಾರೇನs? ಅದನ್ನೂ ಖಾಲಿ ಮಾಡೀನಿ.”

ವಿರುಪಾಕ್ಷಪ್ಪನವರಿಗೆ ನಗು ತಡೆಯಲಾಗಲಿಲ್ಲ. ತುಳಸವ್ವನಿಗೆ ನಗುವಷ್ಟು ಬಿಡುವಿರಲಿಲ್ಲ. ಫಾಂಟುಗಳ ಇನ್ನೊಂದು ಜೋಡಿ ಇದ್ದದ್ದು ಒಂದೇ ಕಡೆ, ಜಗಲಿಯ ಮೇಲೆ ಅರಿಷಿಣ ಕುಂಕುಮ ಮೆತ್ತಿಕೊಂಡು ಕುಂತಿದ್ದ ಫ್ಲಾಪಿಯಲ್ಲಿ. ಸಂಜೆಯತನಕ ಕಾಯಲು ಅತಿಥಿಗಳು ನಿಲ್ಲುವುದಿಲ್ಲ. ಅವಳು ಅತ್ತೆಯ ಮುಖ ನೋಡಿದಳು.

ಕಾಳವ್ವ ಜಗಲಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ಮಗನನ್ನು ಮಾತ್ರ ದುರುಗುಟ್ಟಿ ನೋಡಿದಳು. ಮೊಣಕಾಲ ಮೇಲೆ ಕೈಯೂರಿ ಎದ್ದು, ಜಗಲಿಗೆ ಹಣೆ ಹಚ್ಚಿ, ತಾನೇ ಫ್ಲಾಪಿ ಎತ್ತಿದಳು. “ದವಾಖಾನಿ ಡಾಕ್ಟರ ಇವತ್ತ ಸೂಜಿ ಪೂಜಾಕ್ಕ ಇಟ್ಟು ಸುಮ್ನ ಕುಂತಾನೇನು? ತಗೋ. ದೇವ್ರಿಗೆ ನಾ ಹೇಳ್ತೀನಿ.”

ತುಳಸವ್ವ ಒಣ ಹತ್ತಿಯಿಂದ ಕುಂಕುಮ ಒರೆಸಿ, ಊದಿ, ಫ್ಲಾಪಿಯನ್ನು ಒಳಗೆ ತಳ್ಳಿದಳು. ಯಂತ್ರ ಕರ್ರ್ ಎಂದು ನರಳಿತು. ಫಾಂಟುಗಳು ಒಂದೊಂದಾಗಿ ಇಳಿದವು. ಆದರೂ ಪರದೆಯ ಮೇಲೆ ಅದೇ ಕೊಕ್ಕೆಗಳು! ರಾಜಾರಾಮ ತಲೆಯ ಮೇಲೆ ಕೈಹೊತ್ತ.

“ತಡೀರಿ. ಕೇಸು ತುಂಬೇತಿ, ಇದಕ್ಕಿನ್ನೂ ಗೊತ್ತಾಗಿಲ್ಲ” ಎಂದು ತುಳಸವ್ವ ಎಲ್ಲ ಮುಚ್ಚಿ, ಯಂತ್ರ ಆರಿಸಿ, ಮತ್ತೆ ಹಚ್ಚಿದಳು.

ಮೊದಲು ಮರಾಠಿ ಬಂತು. ಅದರ ಪಕ್ಕದಲ್ಲಿ ಕನ್ನಡ, ದುಂಡುದುಂಡಾಗಿ. ವಿರುಪಾಕ್ಷಪ್ಪನವರು ಗಾಜಿಗೆ ಮೂಗು ತಾಗುವಂತೆ ಬಾಗಿ ತಮ್ಮ ಹೆಸರು ಓದಿಕೊಂಡರು. ಒತ್ತಕ್ಷರ ಕೂಡ ಅದರದರ ಜಾಗದಲ್ಲೇ ತೂಗುತ್ತಿತ್ತು. “ಎಲ್ಲಾ ಬಂದಾವು. ನಾನೂ ಬಂದೀನಿ” ಎಂದು ನಿಟ್ಟುಸಿರು ಬಿಟ್ಟು, ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ರಾಜಾರಾಮ ಹೋಗುವಾಗ ಹೊಸ್ತಿಲಲ್ಲಿ ನಿಂತು, “ಅಂಗಡಿಗೆ ಬೋರ್ಡ್ ನೀನs ಬರಿ ತುಳಸವ್ವಾ” ಎಂದ.

ಬಸ್‌ಸ್ಟ್ಯಾಂಡ್ ಬಳಿ ಹಿಡಿದ ಅಂಗಡಿಯ ಹಿಂದೆ ಇರಲು ಎರಡು ಖೋಲಿ ಇದ್ದವು. ದೀಪಾವಳಿ ಮುಗಿದ ಮೇಲೆ ಅವರು ಬಾವಿ ಓಣಿಯ ಬಾಡಿಗೆ ಮನೆ ಬಿಟ್ಟರು. ಟೆಂಪೋದಲ್ಲಿ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಕಾಳವ್ವನ ತೊಡೆಗೆ ಆನಿಸಿ ಇಟ್ಟಿದ್ದರು. ಮಲಕವ್ವ ಖಾಲಿ ಕೊಡ ಹಿಡಿದೇ ಓಡಿ ಬಂದಳು.

“ನನ್ನ ಹೆಸರು ತೋರಸಲೇ ಇಲ್ಲಲ್ಲ ಬೇ!”

“ಅಂಗಡಿಗೆ ಬಾ. ಸಿಕ್ಕೊಂಡರೂ ನಾ ತಗೀತೀನಿ.”

ತುಳಸವ್ವ ಕೊನೆಯ ಸಲ ಒಳಗೆ ಹೋಗಿ ನೋಡಿದಳು. ಬರಿದಾದ ಜಗಲಿಯ ಮುಂದೆ ಸತ್ತೆಪ್ಪ ಕಸಬರಿಗೆ ಹಿಡಿದು ಬಾಗಿದ್ದ. “ಬಿಟ್ಟು ಹೋಗೂ ಮನಿ, ಒಂದೀಟು ಸ್ವಚ್ಛ...”

“ಮೊದಲ ಅದನ್ನ ಕೆಳಗಿಡ್ರಿ!”

ಅವಳು ಫ್ಲಾಪಿಯನ್ನು ಸೆರಗಿನ ಗಂಟಿನಲ್ಲಿ ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು. ಅದರ ಅಂಚಿನಲ್ಲಿ ಅರಿಷಿಣ ಇನ್ನೂ ಉಳಿದಿತ್ತು. ಗಂಡನನ್ನು ಮುಂದೆ ಹಾಕಿಕೊಂಡು, ನಗುತ್ತಲೇ ಹೊಸ್ತಿಲು ದಾಟಿ, ಹಿಂದೆ ಬಾಗಿಲು ಎಳೆದುಕೊಂಡಳು.