ನಾಲಿಗೆ ತಪ್ಪಿದ್ದಕ್ಕೆ ಎತ್ತಿಟ್ಟ ದುಡ್ಡು

ಗಿರಿಜಕ್ಕ ಲೆಕ್ಕ ಹಾಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಾಗದ, ಪೆನ್ನು, ಮೊಬೈಲು ಯಾವುದೂ ಬೇಕಿರಲಿಲ್ಲ. ಕೊಚ್ಚಿಯ ಅಂಚಿನ ಅಂಬಲಮುಗಳ್‌ನ ಮನೆಯ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿಗೆ ತಲೆಯಾನಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತರೆಂದರೆ ಮುಖ ಮೆತ್ತಗಾಗಿ ತುಟಿ ಮಾತ್ರ ಅಲುಗುತ್ತಿತ್ತು. ಗೊತ್ತಿಲ್ಲದವರು ಜಪ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗೆ. ದೂರದಲ್ಲಿ ರಿಫೈನರಿಯ ಬೆಂಕಿ ಸಂಜೆಯ ಮೋಡಕ್ಕೆ ಕೇಸರಿ ಬಣ್ಣ ಹಚ್ಚುತ್ತಿತ್ತು. ನಾನು ಚಹಾದ ಲೋಟ ಹಿಡಿದುಕೊಂಡು ಅವರು ಕಣ್ಣು ಬಿಡುವುದನ್ನೇ ಕಾಯುತ್ತಿದ್ದೆ. ಈಗ ನೆನೆದರೆ ಆ ಸಂಜೆಗಳೆಲ್ಲ ಕೂಡಿಕೊಂಡು ಒಂದೇ ಉದ್ದನೆಯ ಸಂಜೆಯಾಗಿಬಿಟ್ಟಿವೆ.

ಅವರು ಹುಬ್ಬಳ್ಳಿಯವರು. ಬ್ಯಾಂಕಿನಲ್ಲಿ ಸಣ್ಣ ಉದ್ಯಮಗಳಿಗೆ ಸಾಲ ಕೊಡುವ ವಿಭಾಗದಲ್ಲಿದ್ದು, ಕೊಚ್ಚಿಗೆ ವರ್ಗವಾಗಿ ಬಂದು, ಗಂಡನ ಕೆಲಸ ರಿಫೈನರಿಯಲ್ಲಿದ್ದುದರಿಂದ ನಿವೃತ್ತಿಯ ಮೇಲೂ ಅಲ್ಲೇ ಉಳಿದಿದ್ದರು. ನಾನು ಮೈಸೂರಿನವಳು, ತಿರುವನಂತಪುರದ ಉಳ್ಳೂರಿನಲ್ಲಿ ವಾಸ. ಕನ್ನಡ ಸಂಘದ ಊಟದಲ್ಲಿ ಪಕ್ಕಪಕ್ಕ ಕೂತು ಪರಿಚಯವಾಯಿತು. ಎಲೆಗೆ ಪಾಯಸ ಬೀಳುವಷ್ಟರಲ್ಲಿ ತಮ್ಮ ಮೊಣಕಾಲಿನ ನೋವು, ಗಂಡನ ಗೊರಕೆ, ನಾದಿನಿಯ ಬಿಂಕ ಎಲ್ಲವನ್ನೂ ನನಗೆ ಒಪ್ಪಿಸಿಯಾಗಿತ್ತು. ರೈಲಿನಲ್ಲಿ ಎದುರು ಕೂತವರಿಗೂ ಹಾಗೆಯೇ ಹೇಳುತ್ತಿದ್ದರು. ಮನಸ್ಸಿನಲ್ಲಿ ಏನನ್ನೂ ಬಚ್ಚಿಟ್ಟುಕೊಳ್ಳಲು ಬಾರದ ಹೆಂಗಸು ಎಂದೇ ನಾನು ನಂಬಿದ್ದೆ.

ನನ್ನ ಉದ್ಯಮ ಹೇಳಿಕೊಳ್ಳುವಂಥದ್ದೇನಲ್ಲ. ಮೆಡಿಕಲ್ ಕಾಲೇಜಿನಲ್ಲಿ ಸ್ತನದ ಆಪರೇಷನ್ ಆಗಿ ಬಂದ ಪಕ್ಕದ ಮನೆಯ ಚೇಚಿಗೆ, ಅಕ್ಕನಂಥವರಿಗೆ, ತೋಳೆತ್ತಿ ಬಟ್ಟೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮುಂದೆ ದಾರದಲ್ಲಿ ಕಟ್ಟಿಕೊಳ್ಳುವ, ಒಳಗೆ ಮೆತ್ತೆ ಇಟ್ಟುಕೊಳ್ಳಲು ಒಂದು ಜೇಬಿರುವ ಮೆತ್ತನೆಯ ಹತ್ತಿ ಕುಪ್ಪಸ ಹೊಲಿದುಕೊಟ್ಟೆ. ಅವರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಸುದ್ದಿ ಹೋಯಿತು. ಆದರೆ ಫೋನ್ ಮಾಡಿದ ಹೆಂಗಸರು ಹಲೋ ಎಂದು, ಮುಂದೆ ಏನು ಹೇಳುವುದೆಂದು ತಿಳಿಯದೆ ಸುಮ್ಮನಾಗುತ್ತಿದ್ದರು. ನನ್ನ ಗಂಡನ ದನಿ ಕೇಳಿದರೆ ಇಟ್ಟೇಬಿಡುತ್ತಿದ್ದರು. ಇಟ್ಟವರು ಮತ್ತೆ ಮಾಡುತ್ತಿರಲಿಲ್ಲ, ನನಗೆ ಅವರದೇ ಯೋಚನೆ. ಬಾಯಿ ಬಿಡದೆ ಕೊಂಡುಕೊಳ್ಳುವಂತೆ ಒಂದು ವೆಬ್‌ಸೈಟ್ ಮಾಡಿಸೋಣವೆಂದರೆ ಹೊಲಿಗೆಯಿಂದ ಕೂಡಿಟ್ಟದ್ದಷ್ಟೇ ನನ್ನ ಬಂಡವಾಳ. ಅದು ನೀರಿನಲ್ಲಿ ಹೋಮವಾದರೆ ಎರಡನೆಯ ಸಲ ಕೈ ಹಾಕುವ ಶಕ್ತಿ ಇರಲಿಲ್ಲ. ಹಾಗಾಗಿ ರೈಲು ಹತ್ತಿ ಗಿರಿಜಕ್ಕನ ಬಳಿಗೆ ಹೋದೆ.

ಅವರು ನನಗೂ ಕಣ್ಣು ಮುಚ್ಚಲು ಹೇಳಿದರು.

“ವೆಬ್‌ಸೈಟ್ ಅಂದ್ರ ಒಂದು ಮನಿ ಅಂತ ತಿಳಕೊ. ಹೆಸರಿಗೆ ವರ್ಷಾ ವರ್ಷಾ ಬಾಡಿಗಿ, ಜಾಗಕ್ಕೂ ಬಾಡಿಗಿ. ಕಟ್ಟೋ ಕೂಲಿ ಒಂದ ಸಲ. ಕಸಾ ಹೊಡಿಯೋದು ಮಾತ್ರ ದಿನಾ. ಎಲ್ಲಾರೂ ಕಟ್ಟಾಕ ರೊಕ್ಕಾ ಸುರದು, ಕಸಾ ಹೊಡಿಯೋದು ಮರೀತಾರ. ಈಗ ಹೇಳವಾ, ಬಾಗಲಾಗ ಯಾರ ನಿಂತಾರ?”

ನನಗೆ ಬಾಗಿಲಲ್ಲಿ ಕಂಡದ್ದು ಚೆಂದದ ಫೋಟೋಗಳು. ಕೊಚ್ಚಿಯ ಸ್ಟುಡಿಯೋದಲ್ಲಿ ತೆಗೆಸಿದ್ದು, ಕಿಟಕಿಯ ಬೆಳಕಿನಲ್ಲಿ ಕುಪ್ಪಸ ತೊಟ್ಟು ನಗುವ ಹುಡುಗಿಯರು. ಅದಕ್ಕೇ ಅರ್ಧ ದುಡ್ಡು ಹೋಗುತ್ತಿತ್ತು. ಗಿರಿಜಕ್ಕ ಬೇಡವೆನ್ನಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡು ಎಂದರು. ಕಣ್ಣು ಮುಚ್ಚಿ ಕೂತಂತೆ ಆ ಹುಡುಗಿಯರು ಒಬ್ಬೊಬ್ಬರಾಗಿ ಮಸುಕಾದರು. ಬಾಗಿಲಲ್ಲಿ ಉಳಿದದ್ದು ಹಲೋ ಎಂದು ಸುಮ್ಮನಾದವರು. ಅವರಿಗೆ ಮುಖ ಇರಲಿಲ್ಲ. ಆದರೂ ಫೋಟೋಗಳಿಗೆಂದು ಎತ್ತಿಟ್ಟ ದುಡ್ಡನ್ನು ನಾನು ಬಿಟ್ಟುಕೊಡಲಿಲ್ಲ.

ಕಟ್ಟುವ ಕೆಲಸ ಒಪ್ಪಿಕೊಂಡವನು ಸಜೀವ್. ವಾರವೆಲ್ಲ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ದುಡಿದು ಭಾನುವಾರ ಇಂಥ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದ ಯುವಕ. ಹೇಳಿದ್ದನ್ನು ಹೇಳಿದಂತೆ ಮಾಡುವವನು. ನನ್ನ ಮಲಯಾಳ ತರಕಾರಿ ಅಂಗಡಿ ದಾಟದು ಎಂದು ಗಿರಿಜಕ್ಕ ತಾವೇ ಅವನಿಗೆ ದನಿಸಂದೇಶ ಕಳಿಸಿದರು. ಮೊದಲ ಪುಟದಲ್ಲೇ ಬೆಲೆ ಕಾಣಬೇಕು, ಬೆಲೆ ಕೇಳುವ ಮುಜುಗರವೂ ಯಾರಿಗೂ ಬೇಡ ಎನ್ನುವುದು ಅವರ ಇರಾದೆ. “ಆದ್ಯಂ ಪಟ್ಟಿ ವೇಣಂ” ಎಂದಿದ್ದರು. ಮೊದಲು ಪಟ್ಟಿ ಬೇಕು.

ಮುಂದಿನ ಭಾನುವಾರ ಸಜೀವ್ ತೋರಿಸಿದ ಮೊದಲ ಪುಟದ ತುಂಬ ಒಂದು ನಾಯಿ. ಜೋಲುಕಿವಿಯ, ಕರುಣೆಯ ಕಣ್ಣಿನ, ಬಹಳ ಒಳ್ಳೆಯ ನಾಯಿ. ನನ್ನ ಮಗಳು ಅನು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುವವಳು ಅವಳು. “ಅಮ್ಮೇ, ಆಂಟಿ ಪಟ್ಟಿ ಚೋದಿಚ್ಚು, ಚೇಟ್ಟನ್ ಪಟ್ಟಿ ತನ್ನು.” ಆಂಟಿ ನಾಯಿ ಕೇಳಿದರು, ಅಣ್ಣ ನಾಯಿ ಕೊಟ್ಟ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ ಎಂದು ಗಿರಿಜಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ. ಬೆಲೆ ಎಂದ ಕೂಡಲೇ ಪಟ್ಟಿ ಎಂದು ನಾಲಿಗೆ ಹೊರಳುವ ಬ್ಯಾಂಕಿನ ಜೀವ ಅದು. ರೋಗಿಗಳಿಗೆ ಸಮಾಧಾನವಾಗಲೆಂದು ಕೇಳಿದ್ದೀರೇನೋ ಅಂದುಕೊಂಡೆ ಎಂದ ಸಜೀವ್, ಪೆಚ್ಚಾಗಿ. ದುಡ್ಡು ಕೊಟ್ಟೇ ಫೋಟೋ ಕೊಂಡಿದ್ದನಂತೆ.

ಗಿರಿಜಕ್ಕ ಫೋನಿನಲ್ಲಿ ನಕ್ಕು ನಕ್ಕು ಸುಸ್ತಾದರು. ಆಮೇಲೆ ನಾಯಿಯ ದುಡ್ಡು ನಾವೇ ಕೊಡಬೇಕು, ತಪ್ಪು ಅವನದಲ್ಲ ಎಂದರು. ಅಷ್ಟಕ್ಕೇ ಬಿಡಲಿಲ್ಲ. ಇನ್ನೂ ಇಂಥವು ಆಗುತ್ತವೆ ಎಂದು, ನನ್ನ ಸ್ಟುಡಿಯೋ ಫೋಟೋಗಳ ದುಡ್ಡನ್ನು ಪೂರ್ತಿ ಕಿತ್ತು ಬಜೆಟ್ಟಿನಲ್ಲಿ ಹೊಸದೊಂದು ಬಾಬ್ತು ತೆರೆದರು. ಅದರ ಹೆಸರು ‘ನಾಲಿಗಿ ತಪ್ಪಿದ್ದಕ್ಕ’. ನನಗೆ ಸಿಟ್ಟು ಬಂತು. ತಪ್ಪುವುದು ಅವರ ನಾಲಿಗೆ, ಹೋಗುವುದು ನನ್ನ ಫೋಟೋ. ಎರಡು ದಿನ ಮಾತಾಡಲಿಲ್ಲ.

ಆ ದುಡ್ಡೇ ಕೊನೆಗೆ ಕೈಹಿಡಿಯಿತು. ಸೈಟು ಸಿದ್ಧವಾಗಿ ನೋಡಿದರೆ, ಆರ್ಡರ್ ಕೊಟ್ಟ ಮೇಲೆ ‘ಖಚಿತಪಡಿಸಲು ನಿಮಗೆ ಕರೆ ಮಾಡುತ್ತೇವೆ’ ಎಂಬ ಸಾಲು. ಎಲ್ಲ ಅಂಗಡಿಗಳಲ್ಲೂ ಹಾಗೆಯೇ ಇರುತ್ತದೆ, ಬದಲಿಸಬೇಕಾದರೆ ಬಹಳಷ್ಟನ್ನು ಬಿಚ್ಚಿ ಕಟ್ಟಬೇಕು ಎಂದ ಸಜೀವ್. ಯಾವುದರಿಂದ ಕೊಡುವುದೆಂದು ನಾನು ಕಂಗಾಲಾದೆ. ಗಿರಿಜಕ್ಕ ಕಣ್ಣು ಮುಚ್ಚಿದರು. “ಇದೂ ನಾಲಿಗಿ ಬಾಬ್ತೇನ,” ಎಂದರು. “ಬಾಯಿ ಬಿಡಲಾರದವರ ನಾಲಿಗಿ. ಕೊಡು.” ಹಾಗೆ ಬಂತು, ಆರ್ಡರ್ ಕೊಡುವ ಪುಟದಲ್ಲಿ ಗುರುತು ಹಾಕುವ ಒಂದು ಪುಟ್ಟ ಚೌಕ. ಅದರ ಪಕ್ಕದಲ್ಲಿ ಒಂದೇ ಮಾತು, ‘ವಿಳಿಕ್ಕರುತ್’. ಕರೆ ಮಾಡಬೇಡಿ. ಗುರುತು ಹಾಕಿದವರಿಗೆ ಯಾರೂ ಫೋನ್ ಮಾಡುವಂತಿಲ್ಲ, ನಾನೂ ಕೂಡ. ಬೇಗನೆ ಆರ್ಡರ್‌ಗಳು ಬರತೊಡಗಿದವು. ಹೆಚ್ಚಿನವರು ಆ ಗುರುತು ಹಾಕಿಯೇ ಇರುತ್ತಿದ್ದರು.

ಒಂದು ಬೆಳಿಗ್ಗೆ ಅಂಬಲಮುಗಳ್‌ನಿಂದ ಆರ್ಡರ್ ಬಂದಿತ್ತು. ವಿಳಾಸ ನಾನು ಎಷ್ಟೋ ಸಲ ಮೆಟ್ಟಿಲು ಹತ್ತಿದ ಮನೆಯದು. ಹೆಸರು ಗಿರಿಜಕ್ಕನದು. ಪೂರ್ತಿ ಬೆಲೆ ಕೊಟ್ಟಿದ್ದರು. ಚೌಕದಲ್ಲಿ ಗುರುತಿತ್ತು.

ಫೋನ್ ಕೈಗೆತ್ತಿಕೊಂಡೆ. ಅವರ ಹೆಸರಿನವರೆಗೂ ಹೋಗಿ ಕೆಳಗಿಟ್ಟೆ. ಎಂಥ ಸಂಕಟವೆಂದರೆ, ಆ ಚೌಕ ಹಾಕಿಸಿದವರನ್ನೇ ಬೈಯಬೇಕೆನಿಸಿತು. ಊರಿಗೆಲ್ಲ ಮೊಣಕಾಲಿನ ನೋವು ಹಂಚಿದವರು ಇದೊಂದನ್ನು ಹೇಳಲಿಲ್ಲ. ಅಳುತ್ತಲೇ ಹೊಲಿದೆ. ಎಲ್ಲರಿಗೂ ಕಳಿಸುವಂತೆ ಹೆಸರಿಲ್ಲದ ಲಕೋಟೆಯಲ್ಲಿ, ಒಂದು ಚೀಟಿಯನ್ನೂ ಇಡದೆ ಕಳಿಸಿದೆ.

ಕೆಲವು ವಾರಗಳ ಮೇಲೆ ಅವರೇ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು. ಸೈಟಿನ ಹೆಸರಿನ ಬಾಡಿಗೆ ಕಟ್ಟಿದೆಯಾ ಎಂದು ವಿಚಾರಿಸಿ, ಅನುವಿನ ಪರೀಕ್ಷೆ ಕೇಳಿ, ಆಮೇಲೆ ಗಿರಾಕಿಗಳು ಏನಂತಾರ ಎಂದರು.

“ಕೊಚ್ಚಿ ಕಡೆಯವರೊಬ್ಬರು ತಗೊಂಡಿದ್ದಾರೆ ಅಕ್ಕ. ಸರಿಹೋಯ್ತೋ ಇಲ್ವೋ ಗೊತ್ತಾಗ್ಲಿಲ್ಲ. ನಾನು ಕೇಳೋ ಹಾಗಿಲ್ವಲ್ಲ.”

ಆ ಕಡೆ ಬೆತ್ತದ ಕುರ್ಚಿ ಕಿರುಗುಟ್ಟಿತು.

“ಎಡಗೈ ಕಡೆ ಹೊಲಿಗಿ ಒಂಚೂರು ಬಿಗಿ ಆಗೇತಂತ,” ಎಂದರು ಗಿರಿಜಕ್ಕ. “ಉಳದದ್ದೆಲ್ಲಾ ಭಾಳ ಮೆತ್ತಗೈತಂತ.”

“ಮುಂದಿನದರಲ್ಲಿ ಸಡಿಲ ಮಾಡ್ತೀನಿ ಅಂತ ಹೇಳಿ ಅಕ್ಕ, ಅವರಿಗೆ.”

“ಹೇಳ್ತೇನಿ.”

ಅಂದಿನಿಂದ ಎಲ್ಲ ಕುಪ್ಪಸಗಳಿಗೂ ಎಡಗಡೆ ಒಂದು ಬೆರಳಷ್ಟು ಬಟ್ಟೆ ಹೆಚ್ಚು ಬಿಟ್ಟು ಹೊಲಿಯುತ್ತೇನೆ. ಅಂಬಲಮುಗಳ್‌ನಿಂದ ಮತ್ತೆ ಆರ್ಡರ್ ಬರಲಿಲ್ಲ.