ಎಲ್ಲದಕ್ಕೂ ಹೂಂ ಅನ್ನುವ ಬಸವ

ದಿಬ್ಬೂರಹಳ್ಳಿಯ ಅಮ್ಮಾಜಮ್ಮನಿಗೆ ಎದುರು ಮಾತಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ರೇಷ್ಮೆ ಹುಳ ಸಾಕುವುದರಲ್ಲಿ ಪಳಗಿದ ಕೈ. ನಾಲಿಗೆ ಮಾತ್ರ ಪಳಗಿರಲಿಲ್ಲ. ಅವಳು ಬಾಯಿ ತೆರೆಯುವ ಸೂಚನೆ ಸಿಕ್ಕಿದರೆ ಸಾಕು, ಗಂಡ ಆವಲಪ್ಪ ಹಿಪ್ಪುನೇರಳೆ ತೋಟಕ್ಕೆ ಹೊರಟುಬಿಡುತ್ತಿದ್ದ. ನಯಾಪೈಸೆ ಹೊಸದಾಗಿ ಬಂದಿದ್ದ ಆ ಕಾಲದಲ್ಲಿ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಕಣ ಮುಗಿದ ಮೇಲೆ ಮನೆ ಮುಂದೆ ಬಂದು ನಿಲ್ಲುವ ಕೋಲೆ ಬಸವನ ಹತ್ತಿರ ಮಾತ್ರ.

ಬೆನ್ನ ಮೇಲೆ ಬಣ್ಣದ ಬಟ್ಟೆ ಹೊದ್ದ ಆ ಎತ್ತು ಏನು ಕೇಳಿದರೂ ತಲೆ ಆಡಿಸಿ ಹೂಂ ಅನ್ನುತ್ತಿತ್ತು. ಹುಳ ಚೆನ್ನಾಗಿ ಗೂಡು ಕಟ್ಟುತ್ತವಾ? ಹೂಂ. ಗೂಡಿಗೆ ಶಿಡ್ಲಘಟ್ಟದಲ್ಲಿ ಒಳ್ಳೆ ರೇಟು ಸಿಗುತ್ತಾ? ಹೂಂ. ಇಂಥ ಬುದ್ಧಿವಂತ ಪ್ರಾಣಿ ತಾಲ್ಲೂಕಿನಲ್ಲೇ ಇಲ್ಲವೆಂದು ಅವಳು ಮೊರದ ತುಂಬ ರಾಗಿ ತಂದು ಸುರಿಯುತ್ತಿದ್ದಳು.

ಆ ವರ್ಷ ಅವಳನ್ನು ಕೊರೆಯುತ್ತಿದ್ದದ್ದು ತಂಗಿ ಗಂಗುಲಮ್ಮನ ಚಿಂತೆ. ಹಿಂದಿನ ವರ್ಷ ತಂಗಿ ಮುರುಗಮಲ್ಲದಿಂದ ಬಂದಾಗ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಆಗ ಹೊರಗಿನವರ ಕಣ್ಣು ಬೀಳಬಾರದೆಂದು ಅಮ್ಮಾಜಮ್ಮ ಅವಳನ್ನು ಹೊಸಿಲಲ್ಲೇ ತಡೆದಿದ್ದಳು. ತಂಗಿ ನೀರೂ ಕುಡಿಯದೆ ಬಂದ ಬಸ್ಸಿಗೇ ವಾಪಸ್ಸು ಹೋದವಳು ಮತ್ತೆ ಮಾತಾಡಿರಲಿಲ್ಲ. ಈಗ ಅವಳ ಮಗಳ ಮದುವೆ ಗೊತ್ತಾಗಿತ್ತು. ಅಕ್ಕನಿಗೆ ಕರೆ ಬಂದಿರಲಿಲ್ಲ.

ಅಮ್ಮಾಜಮ್ಮ ಬಸವನನ್ನೇ ಕೇಳಿದಳು. ತಂಗಿಗೆ ಕೋಪ ಇಳಿದಿದೆಯಾ? ಹೂಂ. ಅವಳಿಗೆ ಸಮಾಧಾನವಾಯಿತು. ಯಾವುದಕ್ಕೂ ಇರಲಿ ಎಂದು, ಇನ್ನೂ ಕೋಪ ಇದೆಯಾ ಎಂದಳು. ಅದಕ್ಕೂ ಹೂಂ. ತಪ್ಪು ಅವಳದೇ ತಾನೆ? ಹೂಂ. ಹಾಗಾದರೆ ನನ್ನದಾ? ಎತ್ತು ಇನ್ನೂ ಜೋರಾಗಿ ತಲೆ ಆಡಿಸಿತು. ಅಮ್ಮಾಜಮ್ಮ ಮೊರವನ್ನು ಹಿಂದಕ್ಕೆಳೆದುಕೊಂಡಳು.

"ಅವಳು ಯಾಕೆ ಕರೀಲಿಲ್ಲ, ಅದು ಹೇಳು."

ಹೂಂ.

ಎತ್ತಿನ ಒಡೆಯ ಚಲಪತಿ ಸಂಕೋಚದಿಂದ ಮೂಗುದಾರ ಸಡಿಲಿಸಿದ. "ಇಲ್ಲ ಅನ್ನೋದನ್ನೂ ಕಲಿಸಿದ್ದೆ ಕಣಮ್ಮ. ಅದು ಇಲ್ಲ ಅಂದ್ರೆ ಯಾರ ಮನೇಲೂ ರಾಗಿ ಹಾಕ್ಲಿಲ್ಲ. ಮರೆಸಿಬಿಟ್ಟೆ."

ಅವಳು ಆವತ್ತೇ ಚಿಂತಾಮಣಿಗೆ ಹೋಗಿ ಅಲ್ಲಿಂದ ಮುರುಗಮಲ್ಲದ ಬಸ್ಸು ಹತ್ತಿದಳು. ತಂಗಿ ಅಂಗಳದಲ್ಲಿ ಕಡಲೆಕಾಯಿ ಹರಡುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾಕೆ ಕರೀಲಿಲ್ಲ ಅಂತ ಕೇಳೋಕೆ ಬಂದೆ ಕಣೇ."

"ಬಾಗಿಲಲ್ಲೇ ನಿಲ್ಲಿಸಿದ್ಯಲ್ಲ, ನಾನೇನು ಹುಳ ತಿನ್ನೋಕೆ ಬಂದ ಇಲಿನಾ?"

"ಹೊರಗಿನವರ ಕಣ್ಣು..." ಎಂದು ಅಮ್ಮಾಜಮ್ಮ ಶುರುಮಾಡಿದಳು.

"ಹೊರಗಿನವಳಾ ನಾನು? ಒಂದೇ ದುಪ್ಪಟಿಯಲ್ಲಿ ಮಲಗಿದವಳು?"

ಅಮ್ಮಾಜಮ್ಮ ಬಗ್ಗಿ ತಾನೂ ಒಂದು ಹಿಡಿ ಕಡಲೆಕಾಯಿ ಹರಡಿದಳು. "ತಪ್ಪು ನಂದೇ," ಎಂದಳು.

ಗಂಗುಲಮ್ಮನಿಗೆ ಅದು ಸಾಲಲಿಲ್ಲ. "ಹಂಗೆ ಒಂದೇ ಸಲಕ್ಕೆ ಒಪ್ಕೊಂಡುಬಿಡಬೇಡ ಅಕ್ಕ. ಒಂದು ವರ್ಷದಿಂದ ಕೂಡಿಟ್ಟಿದ್ದೀನಿ, ನಾನಿನ್ನೂ ಬೈದೇ ಇಲ್ಲ. ಒಳಗೆ ಬಂದು ಕೂತ್ಕೋ."

ಅಮ್ಮಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಚಿಂತಾಮಣಿಗೆ ವಾಪಸ್ಸು ಹೋಗುವ ಸಂಜೆಯ ಬಸ್ಸು ಹಾರ್ನ್ ಹೊಡೆದು ಹೊರಟಾಗ ಒಳಗೆ ಇಬ್ಬರ ದನಿಯೂ ಏರಿತ್ತು.