ಗವರ್ನರರ ರುಜು, ಅಪ್ಪನ ಬರಲು

ಗ್ರೀನ್ ನದಿಯ ಆ ದಂಡೆಯಲ್ಲಿ ಹೆಪ್ಸಿ ಅತ್ತೆಯನ್ನು ಅರಿಯದ ನಾಯಿಯೂ ಇರಲಿಲ್ಲ. ಹೆತ್ತವರು ಇಟ್ಟ ಹೆಸರು ಹೆಪ್ಜಿಬಾ. ಅಷ್ಟುದ್ದ ಕರೆಯುವ ಪುರುಸೊತ್ತು ಕೆಂಟಕಿಯಲ್ಲಿ ಯಾರಿಗಿತ್ತು? ಕೂಸಾಗಿದ್ದಾಗ ಕುದುರೆಯ ಬೆನ್ನಿನ ಬುಟ್ಟಿಯಲ್ಲಿ ಕೂತು ಬೆಟ್ಟ ದಾಟಿ ಬಂದವಳು. ತೂಕ ಸರಿದೂಗಲೆಂದು ಇನ್ನೊಂದು ಬುಟ್ಟಿಯಲ್ಲಿ ಬಿತ್ತನೆಯ ಮೆಕ್ಕೆಜೋಳವಿತ್ತು. "ಜೋಳ ತೆಪ್ಪಗಿತ್ತು, ದಾರಿಯುದ್ದಕ್ಕೂ ಬಾಯಿ ಬಡ್ಕೊಂಡಿದ್ದು ಇವಳೇ" ಎಂದು ಅವಳ ತಾಯಿ ಸಾಯುವವರೆಗೂ ಹೇಳುತ್ತಿದ್ದಳು.

ಆ ನೆಲದಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು, ಗಂಡನನ್ನು ಅಲ್ಲೇ ಮಣ್ಣು ಮಾಡಿದಳು. ಬುಗ್ಗೆಯ ನೀರು, ಜೋಳದ ಹೊಲ, ಹೊಗೆಮನೆಯಲ್ಲಿ ತೂಗುವ ಹಂದಿಯ ತೊಡೆ, ಇಷ್ಟರಲ್ಲೇ ಮಕ್ಕಳು ಮೊಮ್ಮಕ್ಕಳು ದೊಡ್ಡವರಾದರು. ಇದಕ್ಕೆಲ್ಲ ಆಧಾರ ಒಂದೇ ಒಂದು ಚರ್ಮಪತ್ರ. ಕೆಂಟಕಿ ಇನ್ನೂ ವರ್ಜೀನಿಯದ ಭಾಗವಾಗಿದ್ದಾಗ ಅಲ್ಲಿನ ಗವರ್ನರರು ರುಜು ಹಾಕಿ, ಮೇಣದ ಮುದ್ರೆ ಒತ್ತಿ ಕೊಟ್ಟದ್ದು. ಅಪ್ಪ ಅದನ್ನು ಬೈಬಲಿಗಿಂತ ಮೇಲಿನ ಹಲಗೆಯಲ್ಲಿ ಇಡುತ್ತಿದ್ದ. ಯಾರಾದರೂ ಹುಬ್ಬೇರಿಸಿದರೆ, "ದೇವ್ರು ಕ್ಷಮಿಸ್ತಾನೆ, ವಕೀಲ ಕ್ಷಮಿಸಲ್ಲ" ಎನ್ನುತ್ತಿದ್ದ.

ಅವಳ ತಲೆ ನರೆತ ಮೇಲೆ ಪೇಟೆಯಿಂದ ಕರ್ನಲ್ ಪೆಟಿಗ್ರೂ ಬಂದ. ಅವನ ಕೈಯಲ್ಲೂ ಒಂದು ಪತ್ರ. ಅದಕ್ಕೆ ಕೆಂಟಕಿಯ ಗವರ್ನರರ ರುಜು. ಬುಗ್ಗೆಯೂ ತನ್ನದು, ಹೊಲವೂ ತನ್ನದು ಎಂದ. ನ್ಯಾಯಾಧೀಶರು ಎರಡೂ ಪತ್ರ ನೋಡಿ ಹೇಳಿದರು: ಹಳೆಯ ರುಜುವೇ ಗೆಲ್ಲುತ್ತದೆ, ಆದರೆ ಪತ್ರದಲ್ಲಿರುವ ಮೊದಲ ಮೂಲೆಯನ್ನು ನೆಲದ ಮೇಲೆ ತೋರಿಸಬೇಕು.

ಪತ್ರದಲ್ಲಿ ಇದ್ದದ್ದು 'ಬುಗ್ಗೆಯ ಕೆಳಗಿನ ಕವಲು ವಾಲ್ನಟ್ ಮರದಿಂದ ಮೊದಲ್ಗೊಂಡು' ಎಂದು. ಆ ಮರವನ್ನು ಹಳೆಯ ಪ್ರವಾಹವೊಂದು ಬುಡಸಮೇತ ಕೊಂಡೊಯ್ದಿತ್ತು. ಬುಗ್ಗೆಗಳೋ, ಹಳ್ಳದುದ್ದಕ್ಕೂ ನಾಲ್ಕಾರು. ಮೊದಲ ಮೂಲೆ ಸಿಗದ ಪತ್ರವೆಂದರೆ ಗೂಟವಿಲ್ಲದ ಹಸು. ಯಾರ ಹೊಲಕ್ಕಾದರೂ ನುಗ್ಗೀತು.

ಮರ ಎಲ್ಲಿತ್ತೆಂದು ಹೆಪ್ಸಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಆದರೆ ತನ್ನ ವ್ಯಾಜ್ಯಕ್ಕೆ ತಾನೇ ಸಾಕ್ಷಿ ನುಡಿಯುವಂತಿಲ್ಲ, ಅದು ಕಾನೂನು. ಗೊತ್ತಿದ್ದ ಇನ್ನೊಬ್ಬನೆಂದರೆ ಪಕ್ಕದ ಹೊಲದ ಓಬೆಡ್ ಟರ್ನಿ. ಪತ್ರ ಬಂದ ವರ್ಷ ಅಪ್ಪ ಇವರಿಬ್ಬರನ್ನೂ ಗಡಿಯ ಸುತ್ತ ನಡೆಸಿ, ಒಂದೊಂದು ಮೂಲೆಯಲ್ಲೂ ಅಲ್ಲಿನ ಗಡಿಮರದ್ದೇ ಬರಲು-ಕಡ್ಡಿ ಮುರಿದು ಮೀನಖಂಡಕ್ಕೆ ಬಾರಿಸಿದ್ದ. ಮರ ಸತ್ತರೂ ಪೆಟ್ಟು ತಿಂದ ಮಗು ಜಾಗ ಮರೆಯದು ಎಂಬುದು ಹಿರಿಯರ ಪದ್ಧತಿ. ಆದರೆ ಒಂದು ಹಂದಿಯ ಕಿವಿಗೆ ಕೊಯ್ದ ಒಡೆತನದ ಗುರುತಿನ ಜಗಳದಲ್ಲಿ ಓಬೆಡ್ ಅವಳೊಡನೆ ಮಾತು ಬಿಟ್ಟು ಒಂದು ತಲೆಮಾರಾಗಿತ್ತು. ಸಾಲದ್ದಕ್ಕೆ ಅವನೀಗ ಕರ್ನಲ್‌ನ ಸಾಕ್ಷಿ.

ಅಳತೆಯ ಸರಪಳಿ ಹೊತ್ತ ಮೋಜಣಿದಾರ, ಪಂಚರು, ಕರ್ನಲ್, ಎಲ್ಲರೂ ಹಳ್ಳದ ಬಳಿ ಸೇರಿದರು. ಓಬೆಡ್ ಬೈಬಲ್ ಮುಟ್ಟಿ ಪ್ರಮಾಣ ಮಾಡಿದ.

"ಕವಲು ವಾಲ್ನಟ್ ಕಂಡಿದ್ದೀರಾ?" ಮೋಜಣಿದಾರ ಕೇಳಿದ.

"ವಾಲ್ನಟ್ಟು ಸಾವಿರ ಕಂಡಿದೀನಿ. ಯಾವ್ದು ಅಂತ ಹೇಳ್ಲಿ?"

ಕರ್ನಲ್ ಮೀಸೆಯಡಿ ನಕ್ಕ. ಹೆಪ್ಸಿ ಮಜ್ಜಿಗೆಯ ಗಡಿಗೆ ಹಿಡಿದು ಎಲ್ಲರಿಗೂ ಕೊಡುತ್ತ ಬಂದು, ಕೊನೆಗೆ ಅವನ ಮುಂದೆ ನಿಂತಳು.

"ಕುಡಿಯೋ ಓಬೆಡ್. ಅವತ್ತು ಅತ್ತೂ ಅತ್ತೂ ಗಂಟಲು ಒಣಗಿಸ್ಕೊಂಡಿದ್ದೆ."

"ಯಾರೇ ಅತ್ತಿದ್ದು?" ಇಷ್ಟು ವರ್ಷದಲ್ಲಿ ಅವಳೊಡನೆ ಅವನ ಮೊದಲ ಮಾತು.

"ಇನ್ಯಾರು? ಅಪ್ಪ ಬರಲು ಮುರಿಯೋದೇ ತಡ, ಓಡ್ಹೋಗಿ ಅಮ್ಮನ ಲಂಗದ ಹಿಂದೆ ಬಚ್ಚಿಟ್ಕೊಂಡೆ. ಮರದ ಹತ್ರಾನೇ ಬರ್ಲಿಲ್ಲ, ಪುಕ್ಕಲ!"

ಪಂಚರಲ್ಲೊಬ್ಬ ಕಿಸಕ್ಕೆಂದ. ಓಬೆಡ್‌ನ ಕಿವಿ ಕೆಂಪಾದವು. "ನಾನು ಪುಕ್ಕಲನಾ?" ಎಂದವನೇ ಇಳಿಜಾರಿನಲ್ಲಿ ದಡದಡ ಇಳಿದು, ಹಸಿರು ಬಂಡೆಯ ಪಕ್ಕ ಊರುಗೋಲನ್ನು ಕಚಕ್ಕೆಂದು ನೆಟ್ಟ. "ಇಲ್ಲಿ ನಿಂತಿದ್ದೆ ಕಣೇ! ಈ ಬಂಡೆಗೆ ಕಾಲು ಕೊಟ್ಟು, ವಾಲ್ನಟ್ಟಿನ ಕವಲು ಹಿಡ್ಕೊಂಡು! ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಊರು ಕೇಳೋ ಹಾಗೆ ಬೊಬ್ಬೆ ಹೊಡ್ದೋಳು ನೀನು!"

ಪಂಚರು ಊರುಗೋಲಿನ ಸುತ್ತ ನೆರೆದರು.

"ಯಾವ ವಾಲ್ನಟ್ಟು ಅಂದ್ರಿ?" ಮೋಜಣಿದಾರ ಮೆಲ್ಲಗೆ ಕೇಳಿದ.

"ಅದು ಜಗಳದ ಮಾತು, ಲೆಕ್ಕಕ್ಕಿಲ್ಲ!" ಕರ್ನಲ್ ಕೂಗಿದ.

"ಪ್ರಮಾಣ ಮಾಡಿರೋ ನಾಲಿಗೆ ಕರ್ನಲ್‌ರೇ," ಎಂದ ಹಿರಿಯ ಪಂಚ, "ಅದೂ ನೀವೇ ಕರ್ಕೊಂಡು ಬಂದಿದ್ದು."

ಊರುಗೋಲು ನೆಟ್ಟಲ್ಲಿಂದ ಸರಪಳಿ ಎಳೆದರು. ಪತ್ರ ಹೇಳಿದ ದಿಕ್ಕಿಗೆ, ಹೇಳಿದಷ್ಟು ದೂರಕ್ಕೆ ಹೋದರೆ ಗುಡ್ಡದ ಮೇಲೊಂದು ಬಿಳಿ ಓಕ್ ಮರ. ತೊಗಟೆ ಕೆತ್ತಿದಾಗ ಒಳಗೆ, ಮಾಗಿದ ಗಾಯದಂತೆ, ಗಡಿ ಅಳೆದವರು ಅಂದು ಹೊಡೆದ ಕೊಡಲಿಯ ಗುರುತು. ಪಂಚರು ಕೇಕೆ ಹಾಕಿ ಟೋಪಿಗಳನ್ನು ಮೇಲಕ್ಕೆಸೆದರು. ಆ ಕೇಕೆಗೆ ಹೊಲದ ಕಾಗೆಗಳೆಲ್ಲ ಎದ್ದವು.

ಹೊರಟ ಕರ್ನಲ್‌ನ ಕುದುರೆ ಬುಗ್ಗೆಯ ಬಳಿ ಬಾಯಾರಿ ನಿಂತುಬಿಟ್ಟಿತು, ಜಗ್ಗಿದರೂ ಕದಲಲಿಲ್ಲ. ಅವನು ಹೆಪ್ಸಿಯ ಮುಖ ನೋಡಿದ.

"ಕುಡಿಸಪ್ಪ," ಎಂದಳು ಹೆಪ್ಸಿ. "ಕುದುರೆ ಯಾವ ಪತ್ರಾನೂ ತಂದಿಲ್ವಲ್ಲ."

ಓಬೆಡ್ ಮಾತ್ರ ಬಂಡೆಯ ಮೇಲೆ ಮುಖ ಊದಿಸಿ ಕೂತಿದ್ದ. "ಬೇಕಂತಲೇ ಕೆಣಕಿದೆ ಅಲ್ವೇನೇ?"

"ಹೂಂ ಕಣೋ."

"ಹಾಗಾದ್ರೆ ನಿಜ ಹೇಳು, ಎಲ್ಲರ ಮುಂದೆ."

ಹೆಪ್ಸಿ ಬಂಡೆ ಹತ್ತಿ, ಸೊಂಟಕ್ಕೆ ಕೈಯಿಟ್ಟು ಕೂಗಿದಳು: "ಕೇಳ್ರಪ್ಪೋ! ಓಬೆಡ್ ಅಳ್ಲಿಲ್ಲ! ಬೊಬ್ಬೆ ಹೊಡ್ದೋಳು ನಾನೇ!"

ಅಂದು ರಾತ್ರಿಯೂಟಕ್ಕೆ ಜೋಳದ ರೊಟ್ಟಿ, ಹೊಗೆಯಾಡಿಸಿದ ತೊಡೆಮಾಂಸ. ಓಬೆಡ್ ಎರಡು ಸಲ ಬಡಿಸಿಕೊಂಡ. ಮರುವಸಂತದಲ್ಲಿ ಹೆಪ್ಸಿ ಆ ಬಂಡೆಯ ಪಕ್ಕ ವಾಲ್ನಟ್ ಸಸಿ ನೆಟ್ಟು, ಎರಡೂ ಮನೆಯ ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ಬರಲು ಬೀಸುವ ಕೆಲಸವನ್ನು ಓಬೆಡ್ ಯಾರಿಗೂ ಬಿಟ್ಟುಕೊಡಲಿಲ್ಲ.